ಮಂಜುಗಡ್ಡೆಯ ಮಡಿ

ರಾತ್ರಿ ಲಾರಿಯಲ್ಲೇ ಮರೆತ ಮಾದರಿ ಬಾಟಲಿ
ಬೆಳಗ್ಗೆ ಬಿರಿದಿತ್ತು.
ಏಳನೇ ಬಾವಿಯ ನೀರು. ನಿನ್ನೆ ಅದು
ತೆಳು ನಿಂಬೆ ಪಾನಕ, ಎಲ್ಲ ಕಡೆ ಒಂದೇ ಸಮ.
ಇವತ್ತು ಅಂಚಿಗೆಲ್ಲ ಕನ್ನಡಿಯಂಥ ಹಿಮ,
ನಟ್ಟನಡುವೆ ಹಿಡಿ ಭಂಡಾರ ಕಲಸಿಟ್ಟ ಹಾಗೆ
ಗಾಢ ಹಳದಿ.

ಎಯ್ನೊ ಲಾಹ್ಟಿನೆನ್, ನನ್ನ ಬಾಯಲ್ಲಿ ಬರೀ ‘ಏನೋ’,
ಮೂವತ್ತು ವರ್ಷ ನೆಲ ಕೊರೆದವನು,
ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ
"ಮಾದರಿ ಹಾಳಾಯಿತು" ಅಂದ.
ಬಿಸಾಕಲಿಲ್ಲ ಮಾತ್ರ.

ಡುಲೂತ್ ಊರಿನ ಪಡುವಣ ಕೊನೆ,
ಸೊನ್ನೆಯಿಂದ ಇಪ್ಪತ್ತೆಂಟು ಕೆಳಗೆ.
ಇಲ್ಲಿ ಹಿಂದೆ ಕಾರಿನ ಬಂಪರುಗಳಿಗೆ
ಕ್ರೋಮ್ ಹೊಳಪು ಹಾಕುವ ಶೆಡ್ಡಿತ್ತು.
ಶೆಡ್ಡು ಬಿತ್ತು, ಮಾಲೀಕ ಸತ್ತ,
ಬಂಪರುಗಳೂ ಎಲ್ಲೋ ತುಕ್ಕಾಗಿರಬೇಕು.
ಹೊಳಪಿನ ಎಂಜಲು ಮಾತ್ರ
ಈ ಕೆಂಪು ಜೇಡಿಯಲ್ಲಿ ಕರಗಿಕೊಂಡು
ಮಾರ್ಲಿಸ್ ಹೇಗಬಾಕಳ ಮನೆಯ ಕಡೆ
ವರ್ಷಕ್ಕೆ ಇಷ್ಟು ಗೇಣು ಅಂತ ನಡೆದಿದೆ.

ಮಂಜುಗಡ್ಡೆಗೆ ಮಡಿ ಬಹಳ.
ನೀರು ಸಾಲುಗಟ್ಟಿ ಹರಳಾಗಲು ಕೂತಿತೆಂದರೆ
ಉಪ್ಪೋ ವಿಷವೋ ಯಾರೇ ಬರಲಿ,
ಪಂಕ್ತಿಯಲ್ಲಿ ಎಲೆ ಇಲ್ಲ.
ಒದ್ದೆ ಸೀರೆಯುಟ್ಟು ಒಲೆಯ ಮುಂದೆ ನಿಂತು
"ದೂರ, ದೂರ" ಅನ್ನುತ್ತಿದ್ದ ತುಂಗತ್ತೆಯ ಹಾಗೆ
ಹಿಮ ಮೇಲಿಂದ ಇಳಿಯುತ್ತದೆ, ದಿನಕ್ಕೊಂದು ಬೆರಳು,
ಎದುರಿಗಿದ್ದದ್ದನ್ನೆಲ್ಲ ಕೆಳಕ್ಕೆ ಸರಿಸುತ್ತ.
ತಾನು ತಿಳಿಯಾಗುತ್ತದೆ.
ಕೆಳಗಿನ ನೀರನ್ನು ಯಾರೂ ಕೇಳುವುದಿಲ್ಲ,
ಇಷ್ಟು ಹಳದಿ ನಿನಗೆ ಹಿಡಿಸೀತೆ ಎಂದು.

(ಅವಸರದ ಚಳಿಯಾದರೆ ಮಡಿಯೂ ಅರೆಬರೆ:
ತಳ್ಳಲು ಪುರುಸೊತ್ತಿಲ್ಲದೆ
ಹರಳು ಹರಳಿನ ಸಂದಿಯಲ್ಲಿ
ವಿಷದ ಗಂಟು ಕಟ್ಟಿಕೊಂಡೇ ಹೆಪ್ಪುಗಟ್ಟುತ್ತದೆ.)

ಕಚೇರಿಯಿಂದ ಫೋನು: "ನೆಲ ಕಲ್ಲಾಗಿದೆಯಲ್ಲ,
ಮೇ ತಿಂಗಳವರೆಗೆ ಏನೂ ಕದಲದು, ವಾಪಸು ಬನ್ನಿ."
ಕಲ್ಲಾಗಿದೆ, ನಿಜ. ಬೈರಿಗೆ ಕಿಡಿ ಕಾರುತ್ತಿದೆ.
ಆದರೆ ಜೇಡಿಯ ಕಣಕಣಕ್ಕೂ
ಹೆಪ್ಪುಗಟ್ಟಲೊಲ್ಲದ ನೀರಿನ ಪೊರೆಯೊಂದು ಅಂಟಿರುತ್ತದೆ,
ಈರುಳ್ಳಿಯ ಒಳಸಿಪ್ಪೆಗಿಂತ ಸಾವಿರ ಪಾಲು ತೆಳು.
ಆ ದಾರಿಯಲ್ಲಿ, ನಿಧಾನ, ಬಲು ನಿಧಾನ,
ಕೆಳಗಿನ ನೀರು ಚಳಿಯ ಕಡೆಗೇ ಏರುತ್ತದೆ
ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ.
ತಳ್ಳಿದ್ದೂ ಅದೇ ಹಿಮ, ಎಳೆಯುವುದೂ ಅದೇ.
ಹಳದಿ ನೀರಿನ ಬೆನ್ನು ಹಿಡಿದು ಬಾಗಿಲವರೆಗೆ ಬಂದು
ಮತ್ತೆ ಹೊರಗೇ ನಿಲ್ಲುತ್ತದೆ.

ಮಾರ್ಲಿಸ್ ಕಾಫಿ ತಂದಳು, ಕೈಗವಸಿನಲ್ಲಿ ಮೂರು ಮಗ್ಗು.
ಬೇಲಿಗೂಟ ತೋರಿಸಿದಳು: ಪ್ರತಿ ಚಳಿಗಾಲ ಎರಡು ಇಂಚು
ನೆಲವೇ ಅದನ್ನು ಹೆರುತ್ತಿದೆಯಂತೆ.
ಆಮೇಲೆ, ಹೇಳಲೋ ಬೇಡವೋ ಎಂಬಂತೆ,
ನೆಲಮಾಳಿಗೆಯ ಮೂಲೆಗೋಡೆಯ ಕಲೆಯ ಮಾತು.
"ಎರಡು ಸಲ ಬಣ್ಣ ಬಳಿದೆ. ಮತ್ತೆ ಹಳದಿ.
ನೋಡಲು ಚೆನ್ನಾಗಿಯೇ ಇದೆ, ಅನ್ನಿ."
ನಾನೋ ಅರಿಶಿನಕ್ಕೆ ಕೈ ಮುಗಿದು ಬೆಳೆದವಳು.
"ಮುಟ್ಟಬೇಡಿ" ಎಂದೆ.
ಎಂದ ಮೇಲೆ, ಆ ಮಾತು ಯಾರ ದನಿಯಲ್ಲಿ ಬಂತೆಂದು
ಕಾಫಿ ಆರುವವರೆಗೂ ಯೋಚಿಸಿದೆ.

ಸಂಜೆ, ಲಾರಿಯ ಹೀಟರಿನ ಮುಂದೆ ಬಿರಿದ ಬಾಟಲಿ,
ಕೆಳಗೊಂದು ಬೋಗುಣಿ.
ಮೊದಲ ಹನಿ ಹಳದಿ. ಎರಡನೆಯದೂ.
ಹಿಮಕ್ಕಿಂತ ಮೊದಲು ಹೊರಡುವುದು ಅದೇ;
ಏಪ್ರಿಲಿನ ಮೊದಲ ಬಿಸಿಲಿಗೆ
ಚಳಿಗಾಲವಿಡೀ ಕೂಡಿಟ್ಟದ್ದು ಒಂದೇ ವಾರದಲ್ಲಿ
ತೊರೆಗೆ, ತೊರೆಯಿಂದ ಸುಪೀರಿಯರ್ ಸರೋವರಕ್ಕೆ,
ದಾರಿಯಲ್ಲಿ ಮಾರ್ಲಿಸಳ ಗೋಡೆಗೆ.
ಎಯ್ನೊ ಇಂಜಿನ್ ಆರಿಸಲಿಲ್ಲ.
ಕೊನೆಗೆ ಉಳಿದದ್ದು ಹೆಬ್ಬೆರಳಷ್ಟು ತುಂಡು,
ಏನೂ ಗೊತ್ತೇ ಇಲ್ಲವೆಂಬಷ್ಟು ತಿಳಿ.

ಷರಾ ಕಾಲಮ್ಮಿನಲ್ಲಿ
‘ಮಾದರಿ ಹಾಳಾಗಿದೆ’ ಎಂದು ಬರೆಯಬೇಕಿತ್ತು.
ಪೆನ್ನಿನ ಮಸಿಯೂ ಹೆಪ್ಪುಗಟ್ಟಿತ್ತು, ಅಂಗೈಯಲ್ಲಿ ಉಜ್ಜಿದೆ.
‘ಕದಲುತ್ತಿದೆ’ ಎಂದು ಬರೆದೆ.