ಹನ್ನೊಂದು ಬಕೆಟ್ಟು

ಎಲ್ಮರ್ ಸ್ಕೋಗ್ಲುಂಡ್ ತೀರಿಕೊಂಡ ವರ್ಷ, ಏಪ್ರಿಲ್ಲಿನಲ್ಲಿ
ಅವನ ಅಂಗಳದಲ್ಲೇ ಹರಾಜು.
ಟ್ರ್ಯಾಕ್ಟರಿನ ಸುತ್ತ ಜನ. ಕೂರಿಗೆ ಯಂತ್ರಕ್ಕೆ ಕೂಗಾಟ.
ಹನ್ನೊಂದು ಐಸ್‌ಕ್ರೀಮ್ ಬಕೆಟ್ಟಿನ ತುಂಬ
ನಟ್ಟು, ಬೋಲ್ಟು, ವಾಷರು, ತುಕ್ಕು.
ಅದಕ್ಕೆ ಯಾರ ಕೈಯೂ ಏಳಲಿಲ್ಲ.
ನನ್ನದು ಎದ್ದಿತು. ನಾಲ್ಕು ಡಾಲರು.
'ನಮ್ಮಲ್ಲಿ ಕಡಿಮೆಯಾಗಿತ್ತೇ, ಪರಾಸ್ಕಾ?' ಎಂದ ತಮ್ಮ ಓಸ್ತಾಪ್.
ಹೊತ್ತು ತಂದವನೂ ಅವನೇ.

ಸಸ್ಕಾಚೆವಾನಿನ ಜನವರಿ.
ಹೊರಗೆ ಡೀಸೆಲ್ಲೂ ಗಂಜಿಯಾಗುವ ಚಳಿ.
ಶೆಡ್ಡಿನ ಸೌದೆ ಒಲೆಗೆ ಬೆನ್ನು ಕೊಟ್ಟು
ಮೊದಲ ಬಕೆಟ್ಟನ್ನು ಮೇಜಿನ ಮೇಲೆ ಕವುಚಿದೆ.

ನನ್ನ ಶೆಡ್ಡಿಗೊಂದು ಮಡಿ ಇದೆ.
ತೊಲೆಗೆ ಮುಚ್ಚಳ ಜಡಿದು, ಕೆಳಗಿನಿಂದ
ಜಾಮಿನ ಬಾಟಲಿ ತಿರುಗಿಸಿ ತೂಗುಬಿಟ್ಟಿದ್ದೇನೆ,
ಅರವತ್ತೆರಡು, ಹಗಲಿನ ಬಾವಲಿಗಳ ಹಾಗೆ.
ಸ್ಪ್ಲಿಟ್ ಪಿನ್ನು ಇಲ್ಲಿ, ಗ್ರೀಸ್ ನಿಪ್ಪಲ್ಲು ಅಲ್ಲಿ.
ನೆತ್ತಿಯ ಮೇಲೆ ಮೂರು ಗೀಟಿನ ಬೋಲ್ಟು ಗಟ್ಟಿ,
ಆರು ಗೀಟಿನದು ಇನ್ನೂ ಗಟ್ಟಿ,
ಗೀಟೇ ಇಲ್ಲದ್ದು ದನದ ಗೇಟಿಗಷ್ಟೆ.
ಮಿಲಿಮೀಟರಿನವಕ್ಕೆ ಹಳದಿ ಡಬ್ಬ, ಬೇರೆ ಪಂಕ್ತಿ.
ಇಂಚಿನವರ ಜೊತೆ ಕೂರಿಸಿದರೆ
ಎರಡು ಸುತ್ತು ಒಪ್ಪಿದಂತೆ ನಟಿಸಿ
ಮೂರನೆಯದಕ್ಕೆ ಮರೆ ಕಿತ್ತುಕೊಳ್ಳುತ್ತವೆ.
ಬಿತ್ತನೆ ಗೋದಿಯ ಮಗ್ಗುಲಿಗೆ ಮೊಳೆಯ ಪೆಟ್ಟಿಗೆ:
ಒಂದು ಮೊಳೆಯುತ್ತದೆ, ಇನ್ನೊಂದು ಬರೀ ಮೊಳೆ.

'ಇಡಿ' ಅನ್ನುವುದು ನನ್ನ ಬಾಯಿ,
'ಬಿಡಿ' ಅನ್ನುವುದು ಓಸ್ತಾಪನದು.
ಮೂವತ್ತು ವರ್ಷದಿಂದ ಜಗಳ ಇಷ್ಟೆ.
ಇಡಿ ಯಂತ್ರವೇ ಗುಜರಿಗೆ ಹೋಯಿತು, ಬಿಡಿಯನ್ನೇಕೆ ಇಟ್ಟೆ?
ಬಿಡಿ ಇದ್ದರಲ್ಲವೇನೋ ಇಡಿ?

ಮೂರನೆಯ ಬಕೆಟ್ಟಿನ ತಳದಲ್ಲಿ ಹೊಗೆಸೊಪ್ಪಿನ ಡಬ್ಬಿಗಳು.
ಒಂದೊಂದಕ್ಕೂ ತಂತಿ ಬಿಗಿದು, ಒಳಗೆ ಚೀಟಿ,
ಸೀಸದ ಕಡ್ಡಿಯ ಮೊದ್ದು ಅಕ್ಷರ:
'ಪಾದ್ರಿಯ ಹೆಂಡತಿ. ಬಾಗಿಲಿನ ತಿರುಪು ಒಂದು, ಹಿತ್ತಾಳೆ.'
'ಸೇತುವೆಯಾಚೆಯ ಡೈಕ್. ಸರಪಳಿಗೆ ಅರ್ಧ ಕೊಂಡಿ.'
'ಹ್ಯಾವ್ರಿಲ್ಯುಕ್. ಶಿಯರ್ ಬೋಲ್ಟು ಮೂರು ತಂದಿದ್ದೆ.'
ಹ್ಯಾವ್ರಿಲ್ಯುಕ್ ಅಂದರೆ ನಾವು.
ಡಬ್ಬಿಯಲ್ಲಿ ಎರಡಿದ್ದವು, ಅಂಗಡಿಯ ಎಣ್ಣೆ ಕೂಡ ಆರದ ಹೊಸವು.

ಅಳತೆ ನೋಡಿ ಇಟ್ಟವನಲ್ಲ ಅವನು,
ಋಣ ನೋಡಿ ಇಟ್ಟವನು.

ಸುಗ್ಗಿಯ ನಡುವೆ ಗೇಟಿನ ಹತ್ತಿರ ಎಂಜಿನ್ನು ಆರಿಸದೆ ನಿಂತು,
ಟೋಪಿಯ ಅಂಚು ತಿರುವುತ್ತ 'ಒಂದೇ ಒಂದು' ಅನ್ನುತ್ತಿದ್ದ.
ತಿರುಪಿಗೆ ತಿರುಪೆ ಎತ್ತುವವನು ಎಂದು
ಅವನ ಬೆನ್ನಿಗೆ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.
ಕೊಂಡು ತಂದವನು ಕೊಡಲು ಯಾಕೆ ಬರಲಿಲ್ಲ?
ಕಾಫಿಗೆ ಕೂರಿಸಿಬಿಡುತ್ತೇವೆಂಬ ಭಯವೋ,
ಲೆಕ್ಕ ತೀರಿದರೆ ಮತ್ತೆ ಬರಲು ನೆಪವಿಲ್ಲವೆಂದೋ,
ಗೊತ್ತಿಲ್ಲ. ಬರೀ ಮರೆವೂ ಇರಬಹುದು.

ಆ ಎರಡಕ್ಕೂ ನನ್ನಲ್ಲಿ ಜಾಗವಿತ್ತು,
ನಾಲ್ಕನೆಯ ಸಾಲಿನ ಡ್ರಾಯರು. ಕೈ ಅಲ್ಲಿವರೆಗೂ ಹೋಯಿತು.
'ಮೂರನೆಯದೆಲ್ಲಿ? ಇನ್ನೂ ಬಾಕಿ ಇಟ್ಟಿದ್ದಾನೆ!' ಎಂದ ಓಸ್ತಾಪ್.
ಡಬ್ಬಿ ಹಾಗೆಯೇ ಕಿಟಕಿಯ ಕಟ್ಟೆಗೆ ಹೋಯಿತು.
ಉಳಿದ ಎಂಟು ಬಕೆಟ್ಟು ಫೆಬ್ರುವರಿ ತಿಂದವು.

ಆಗಸ್ಟಿನ ಕೊನೆಯ ರಾತ್ರಿ, ಹತ್ತು ಗಂಟೆ.
ಆಗರ್ ನಿಂತಿತು. ಯಂತ್ರ ಉಳಿಯಲೆಂದು
ತಾನು ಮುರಿಯುವ ಬೋಲ್ಟು, ಮುರಿಯಿತು.
ನಾಲ್ಕನೆಯ ಸಾಲಿನ ಡ್ರಾಯರು ಎಳೆದೆ:
ಖಾಲಿ. ಇಷ್ಟೆಲ್ಲ ಎಣಿಸುವ ನನ್ನ ಡ್ರಾಯರು.
ರೇಡಿಯೊದಲ್ಲಿ ಓಸ್ತಾಪ್: 'ಇಬ್ಬನಿ ಇಳಿಯುತ್ತಿದೆ, ಏನು ಮಾಡ್ತಿದ್ದೀ?'

ತಂತಿ ಬಿಚ್ಚುತ್ತಿದ್ದೆ.
ಒಂದನ್ನು ತೆಗೆದು, ಚೀಟಿಯ ಹಿಂಬದಿಗೆ ಬರೆದೆ:
'ಸ್ಕೋಗ್ಲುಂಡ್‌ಗೆ ಒಂದು ಕೊಡಬೇಕು.'
ಮತ್ತೆ ತಂತಿ ಬಿಗಿದು ಓಡಿದೆ.