ಬಾಣಲೆ

ಊರುಗಳ ಬಗ್ಗೆ ಕೇಳಬೇಡಿ, ಎಲ್ಲ ಕಲಸಿಹೋಗಿವೆ.
ಪ್ರಾಗ್‌ನ ಸೇತುವೆ ವಿಯೆನ್ನಾದ ಹೊಳೆಯ ಮೇಲೆ ನಿಂತಿದೆ,
ಕ್ರಾಕೋವ್‌ನ ಪಾರಿವಾಳಗಳು ವೆನಿಸ್ಸಿನ ಚೌಕಕ್ಕೆ ಬಂದು
ನನ್ನ ಬ್ರೆಡ್ಡಿನ ಚೂರಿಗೆ ಜಗಳವಾಡುತ್ತವೆ.
ಹತ್ತೊಂಬತ್ತು ವಯಸ್ಸು, ಒಂದು ತಿಂಗಳ ಪಾಸು,
ಹಾಸ್ಟೆಲಿನ ದುಡ್ಡು ಉಳಿಸಲು ರಾತ್ರಿ ರೈಲಿನಲ್ಲೇ ನಿದ್ದೆ.
ಹಾಗಾಗಿ ಎಲ್ಲ ಊರೂ ಬೆಳಗಿನ ಆರು ಗಂಟೆಯ ಊರು:
ಕದ ಹಾಕಿದ ಬೇಕರಿ, ನೀರು ಹೊಯ್ದ ಕಲ್ಲುಹಾಸು,
ಸ್ಟೇಷನ್ನಿನ ನಲ್ಲಿಯ ಮುಂದೆ ಹಲ್ಲುಜ್ಜುವ ನಾವಿಬ್ಬರು,
ನಾನು, ಜಿಂತ್ರಾ.

ಲಿಯೆಪಾಯಾದಿಂದ ಹೊರಟಾಗ ಬೆನ್ನಿಗಿದ್ದದ್ದು ಅಣ್ಣನ ಚೀಲ,
ಅದರೊಳಗೆ ಮಡಿಸಿಟ್ಟದ್ದು ಅಮ್ಮನ ಭಯ:
ಜುಲೈ ತಿಂಗಳಿಗೆ ಮೂರು ಜೊತೆ ಉಣ್ಣೆಯ ಕಾಲುಚೀಲ,
ಜ್ವರದ ಮಾತ್ರೆ, ಹಗ್ಗ, ರೈ ಹಿಟ್ಟಿನ ಒಣ ರೊಟ್ಟಿ,
ಎಲ್ಲಕ್ಕೂ ಕೆಳಗೆ ಕಬ್ಬಿಣದ ಒಂದು ಪುಟ್ಟ ಬಾಣಲೆ.
ಬಾಣಲೆ ಯಾಕೆ ಅಂತ ನಾನೂ ಕೇಳಲಿಲ್ಲ.
ಮೆಟ್ಟಿಲು ಹತ್ತುವಾಗೆಲ್ಲ
ಅದು ಬೆನ್ನುಮೂಳೆಗೆ ಒಂದೊಂದೇ ಬುದ್ಧಿಮಾತು ಹೇಳುತ್ತಿತ್ತು.

ವೆನಿಸ್ಸಿನಲ್ಲಿ ಜಿಂತ್ರಾ ಕೂತು ಕಾಫಿ ಕುಡಿದಳು.
ನಿಂತರೆ ಒಂದು ರೇಟು, ಕೂತರೆ ನಾಲ್ಕು ಪಟ್ಟು.
ಕಾಲು ನೋವು ಅಂದಳು. ದುಡ್ಡಿಗೂ ನೋವಾಗುತ್ತೆ ಅಂದೆ.
ಆಮೇಲೆ ಗಡಿ ದಾಟುವ ತನಕ ಮಾತಿಲ್ಲ.

ವಿಲ್ಲಾಖ್‌ನಲ್ಲಿ ರೈಲು ಎರಡಾಗುತ್ತದೆ,
ಮುಂದಿನ ಡಬ್ಬಿಗಳಿಗೆ ಒಂದು ದಾರಿ, ಹಿಂದಿನವಕ್ಕೆ ಇನ್ನೊಂದು.
ನಮ್ಮದು ಮುಂದಿನದೆಂದು ಅವಳು,
ಹಿಂದಿನದೆಂದು ನಾನು.
ಚೀಲ ಇಳಿಸಿ ಪ್ಲಾಟ್‌ಫಾರ್ಮಿನಲ್ಲಿ ವಾದ ಮಾಡುತ್ತ ನಿಂತಿದ್ದೆವು.
ಮುಂದಿನದು ಹೋಯಿತು.
ಹಿಂದಿನದೂ ಹೋಯಿತು.

ರಾತ್ರಿ ಎರಡು ಹದಿನಾಲ್ಕು.
ನೆಲ ಒರೆಸುವ ಹೆಂಗಸು ನಮ್ಮ ಸುತ್ತ ಒರೆಸಿದಳು,
ನಾವು ನಡುಗಡ್ಡೆಯಾದೆವು.
ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು: ಸೆನಿಯಾ.
ನನ್ನ ಚೀಲ ಸರಿಸಲು ಎತ್ತಿದವಳು ಮತ್ತೆ ಇಳಿಸಿ
"ಕಲ್ಲು ತುಂಬಿದ್ದೀಯೇನು?" ಅಂದಳು, ನನ್ನ ಸ್ಕೂಲಿನ ಜರ್ಮನ್‌ಗೂ
ತಿಳಿಯುವಷ್ಟು ಮುರುಕು ಜರ್ಮನ್‌ನಲ್ಲಿ.
ನಾಚಿಕೆಯಿಂದ ಬಾಣಲೆ ತೆಗೆದು ತೋರಿಸಿದೆ.
ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದಳು.
"ಹೊರೋಳು ನೀನು. ಇದು ಯಾರ ಭಾರ?"

ಹಾಸ್ಟೆಲುಗಳ ನಡುವೆ ಮಡಿಸಿ ಮಡಿಸಿ ಬಳಲಿದ್ದ ನಮ್ಮ ನಕ್ಷೆ
ಬೆಂಚಿನ ಮೇಲಿತ್ತು. ಅವಳ ಬೆರಳು ಒದ್ದೆ.
ಜೆನಿತ್ಸಾ ಎಂಬಲ್ಲಿಂದ ಮೇಲಕ್ಕೆ ಬಂದಿತು, ಒಂದು ಗೆರೆ, ಇನ್ನೊಂದು ಗೆರೆ.
"ಇವು ಇರಲಿಲ್ಲ ನಾ ಚಿಕ್ಕೋಳಿದ್ದಾಗ. ಒಂದೇ ಟಿಕೆಟ್ಟು."
ನೀವೂ ನಮ್ಮ ಹಾಗೇ ಊರು ನೋಡಲು ಬಂದಿರಾ?
ಕೇಳಿದ್ದು ಜಿಂತ್ರಾ. ಅವಳ ಕಾಲನ್ನು ನಾನು ಮೆಲ್ಲಗೆ ತುಳಿದೆ.
ಸೆನಿಯಾ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದಳು.
"ತೊಂಬತ್ತೆರಡರಲ್ಲಿ ಮ್ಯೂನಿಕ್‌ಗೆ ಅಂತ ಹತ್ತಿದ್ದೆ, ತಂಗಿ ಇದ್ದಳು ಅಲ್ಲಿ.
ಇಲ್ಲಿ ಎಂಜಿನ್ ಬದಲಿಸುತ್ತಿದ್ದರು.
ನೀರು ಕುಡಿಯಲು ಇಳಿದೆ.
ಇನ್ನೂ ಕುಡೀತಾ ಇದ್ದೀನಿ."

ನಕ್ಕಳು. ನಾವೂ ನಗಬೇಕೋ ತಿಳಿಯದೆ
ನಲ್ಲಿಯ ಕಡೆ ನೋಡಿದೆವು.

ಬಾಣಲೆ ಕೊಟ್ಟೆ. ಬೇಡ ಅನ್ನಲಿಲ್ಲ, ಥ್ಯಾಂಕ್ಸ್ ಕೂಡ ಇಲ್ಲ,
ಗಾಡಿಯ ಕೊಕ್ಕೆಗೆ ಒರೆಸುವ ಬಟ್ಟೆಗಳ ಪಕ್ಕ ತೂಗುಹಾಕಿ
ತಳ್ಳಿಕೊಂಡು ಹೋದಳು. ಮೂರನೇ ಪ್ಲಾಟ್‌ಫಾರ್ಮಿನ ತುದಿಯವರೆಗೂ
ಠಣ್, ಠಣ್.

ನಾಲ್ಕೂವರೆಯ ರೈಲಿಗೆ ಹತ್ತಿದೆವು. ಎಲ್ಲಿಗೆಂದು
ಜಿಂತ್ರಾಳೂ ಕೇಳಲಿಲ್ಲ. ಅವಳು ಕಿಟಕಿಯ ಪಕ್ಕ ಬಿಟ್ಟುಕೊಟ್ಟಳು.
ನಾನು ಮಿಕ್ಕ ಒಣ ರೊಟ್ಟಿ ಮುರಿದು ದೊಡ್ಡ ತುಂಡು ಕೊಟ್ಟೆ.
ಬೆನ್ನು ಹಗುರ. ಆದರೂ ಬಹಳ ದಿನ
ಮೆಟ್ಟಿಲು ಹತ್ತುವಾಗ ಆ ಏಟಿಗೆ ಕಾಯುತ್ತಿತ್ತು.

ನಕ್ಷೆ ಈಗಲೂ ಇದೆ.
ಒದ್ದೆ ಬೆರಳು ಹೋದಲ್ಲಿ ಶಾಯಿ ಕದಡಿ
ಮೂರು ದೇಶ ಒಂದಕ್ಕೊಂದು ಇಳಿದಿವೆ.

ಮನೆಗೆ ಬಂದ ದಿನ ಅಮ್ಮ ಚೀಲ ಸುರುವಿದಳು,
ಕೊಳೆ ಬಟ್ಟೆ, ಟಿಕೆಟ್ಟು, ತೊಡದ ಉಣ್ಣೆಯ ಕಾಲುಚೀಲ.
ಪ್ರಾಗ್ ಹೇಗಿತ್ತು, ವೆನಿಸ್ ಹೇಗಿತ್ತು, ಒಂದೂ ಕೇಳಲಿಲ್ಲ.
"ಬಾಣಲೆ ಎಲ್ಲಿ?"

ವಿಲ್ಲಾಖ್‌ನಲ್ಲಿ ಇಳೀತಮ್ಮಾ ಅಂದೆ,
ನೀರು ಕುಡಿಯಲು.