ಕುಡಿಯುವವರು

ಹಡಗಿನ ಲಂಗರಿನ ಸರಪಳಿ ಅದು.
ಫ್ರೀಮ್ಯಾಂಟಲ್ ಬಂದರಿನ ಹರಾಜಿನಲ್ಲಿ ಹಿಡಿದು
ಅಪ್ಪ ಲಾರಿಗೆ ಹೇರಿಸಿ ತಂದ,
ಸಮುದ್ರ ಕಾಣದ ಊರಿಗೆ, ಇನ್ನೂರು ಮೈಲಿ.
ಎರಡು ಟ್ರ್ಯಾಕ್ಟರುಗಳ ನಡುವೆ ಕಟ್ಟಿ
ಈ ತುದಿಗೆ ಅಪ್ಪ, ಆ ತುದಿಗೆ ಮರ್ವಿನ್ ಚಿಕ್ಕಪ್ಪ
ಜೊತೆಜೊತೆಗೆ ನಡೆಸಿದರೆ
ನಡುವಿನ ಕಾಡು ಮಲಗುತ್ತಿತ್ತು.

ನನಗಾಗ ಏಳು. ಸ್ಕೂಲು ಬಿಟ್ಟ ಮೇಲೆ
ಬೆಂಕಿ ಆರಿದ ನೆಲದಲ್ಲಿ ಬೇರು ಹೆಕ್ಕುವ ಕೆಲಸ:
ಮ್ಯಾಲಿ ಮರದ ಬೇರುಗಡ್ಡೆ, ಕುರಿಯ ತಲೆಯಷ್ಟು ದಪ್ಪ.
ಅಮ್ಮನ ಒಲೆಯಲ್ಲಿ ಇಡೀ ರಾತ್ರಿ ಉರಿಯುತ್ತಿದ್ದವು.
ಚಳಿಗಾಲ ಬೆಚ್ಚಗಿತ್ತು, ಸುಳ್ಳು ಹೇಳಲಾರೆ.
ಗೋಧಿಯೂ ಬಂತು, ನನ್ನ ಎದೆಮಟ್ಟ.
ಅಪ್ಪನಿಗೆ ಹೊಸ ಹ್ಯಾಟು, ಅಮ್ಮನಿಗೆ ಪಿಯಾನೋ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಗಾದೆ ನಮ್ಮಲ್ಲಿ ತಿರುಗುಮುರುಗು:
ನೀರು ಕುಡಿಯುವವರನ್ನು ಕೆಡವಿದೆವು,
ಉಪ್ಪು ತಿಂದೆವು.

ಪಾತಾಳದ ನೀರು, ಹೀರುವ ಬೇರಿಲ್ಲದೆ,
ವರ್ಷಕ್ಕೊಂದು ಗೇಣು ಮೇಲೆ ಬಂತು,
ಯುಗಯುಗದ ಉಪ್ಪನ್ನು ಕಂಕುಳಲ್ಲಿ ಇರುಕಿಕೊಂಡು.
ಮೊದಲು ಹಳ್ಳದ ಪಕ್ಕ ಒಂದು ಬಿಳಿ ಕಲೆ,
ಚಾದರದಷ್ಟು. ಅಪ್ಪ ಅದರ ಸುತ್ತ ಉತ್ತ.
ಆಮೇಲೆ ಚರ್ಚಿನಷ್ಟು. ಅದರ ಸುತ್ತಲೂ ಉತ್ತ.
ನನ್ನ ಕಾಲಕ್ಕೆ ಎಪ್ಪತ್ತು ಎಕರೆ. ನಾನೂ ಸುತ್ತ ಉತ್ತೆ.
ನಮ್ಮ ಮನೆತನದ ಜಾಣ್ಮೆ ಇಷ್ಟೇ, ಸುತ್ತಿ ಹೋಗುವುದು.

ಮಗಳು ರೊವೆನಾ ಸುತ್ತಿ ಹೋಗುವವಳಲ್ಲ.
ಊಟದ ಮೇಜಿನ ಮೇಲೆ ನಕ್ಷೆ ಹರಡಿ,
ಒಂದು ಮೂಲೆಗೆ ಸಾಸ್ ಬಾಟಲಿ, ಇನ್ನೊಂದಕ್ಕೆ ನನ್ನ ಕನ್ನಡಕ ಹೇರಿ
ಪೆನ್ಸಿಲಿನಲ್ಲಿ ಗೀಟೆಳೆದಳು:
ಇಲ್ಲಿ ಮರ, ಇಲ್ಲಿ ಮರ, ಇಲ್ಲಿ ಕುರಿಗೆ ಬೇಲಿ.
"ಇದು ಒಳ್ಳೇ ನೆಲ" ಅಂದೆ. "ಇದೂ ಒಳ್ಳೇ ನೆಲ."
ಮೂರು ರಾತ್ರಿ ಚೌಕಾಸಿ. ಕೊನೆಗೆ,
ಔಷಧಿ ಹೊಡೆಯುವ ಯಂತ್ರದ ರೆಕ್ಕೆ ಮೂವತ್ತಾರು ಮೀಟರು,
ಅದು ನಾಲ್ಕು ಸಲ ಓಡಾಡುವಷ್ಟು ಗೋಧಿ,
ಆಮೇಲೊಂದು ಪಟ್ಟಿ ಕಾಡು.
ನನ್ನ ಯಂತ್ರ ತಿರುಗಬೇಕು, ಅವಳ ಹಕ್ಕಿ ದಾಟಬೇಕು.
ರಾಜಿಯಾಗುವಾಗ ಚಹಾ ಆರಿಹೋಗಿತ್ತು.

ಬೀಜವೋ, ನಶ್ಯದಂಥ ಪುಡಿ.
ಅಂಗೈಯಲ್ಲಿ ಸಾವಿರ ಮರ ಹಿಡಿದು
ಸೀನು ತಡೆದು ನಿಂತೆ.

ನೀಲಗಿರಿಯ ನೆಂಟರು ಇವರೆಲ್ಲ.
ದೂರದ ಯಾವುದೋ ದೇಶದಲ್ಲಿ
ಬಾವಿ ಬತ್ತಿಸುವ ಕುಡುಕರೆಂದು ಬೈಸಿಕೊಳ್ಳುತ್ತಾರಂತೆ.
ಇಲ್ಲಿ ಬನ್ನಿ ಸ್ವಾಮಿ,
ಕಂಠಪೂರ್ತಿ ಕುಡಿಯಿರಿ,
ಲೆಕ್ಕ ನಮ್ಮ ಖಾತೆಗೆ.

ಹನ್ನೊಂದು ವರ್ಷ. ಎಲ್ಲ ಬದುಕಲಿಲ್ಲ.
ಒಂದು ಸಾಲನ್ನು ಮೊಲ ತಿಂದವು, ಒಂದನ್ನು ನಾನೇ
ಫೋನು ನೋಡುತ್ತ ಉತ್ತುಬಿಟ್ಟೆ.
(ಅವಳಿಗೆ ಅದೂ ಮೊಲ ಅಂದೆ.)
ಉಪ್ಪಿನ ಎಪ್ಪತ್ತು ಎಕರೆ ಇನ್ನೂ ಎಪ್ಪತ್ತೇ.
ಎಪ್ಪತ್ತೊಂದಾಗಲಿಲ್ಲ.
ಅದನ್ನೇ ಬೆಳೆಯ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಕಳೆದ ಅಕ್ಟೋಬರಿನಲ್ಲಿ ರೊವೆನಾ ಕರೆದೊಯ್ದಳು,
ನಾಯಿಯನ್ನು ಕಟ್ಟಿಸಿ, ನನ್ನ ಬಾಯಿ ಮುಚ್ಚಿಸಿ.
ಸರಪಳಿ ಏರಲಾರದ ಬಂಡೆಯ ಬೆನ್ನಿಗೆ
ತುಂಡು ಕಾಡೊಂದು ಉಳಿದಿತ್ತು. ಅಲ್ಲಿಂದ
ನಮ್ಮ ಪಟ್ಟಿಗೆ ನಡೆದು ಬಂದಿತ್ತು ಒಂದು ಮ್ಯಾಲಿ ಕೋಳಿ.
ತರಗೆಲೆ, ಮರಳು ಗುಡ್ಡೆ ಹಾಕಿ, ಒಳಗೆ ಮೊಟ್ಟೆ,
ಗಂಡು ಕಾಯುತ್ತದೆ. ಕೊಕ್ಕು ಹೂತು ಕಾವು ನೋಡುತ್ತದೆ,
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ.
ಬಿಸಿ ಹೆಚ್ಚಿದರೆ ಮರಳು ಕೆದರುತ್ತದೆ, ತಗ್ಗಿದರೆ ಮುಚ್ಚುತ್ತದೆ.
ಮರಿ ಮಣ್ಣು ಕೊರೆದು ಮೇಲೆ ಬಂದದ್ದೇ
ಪೊದೆಗೆ ಓಡುತ್ತದೆ,
ಅಪ್ಪನ ಕಡೆ ತಿರುಗಿಯೂ ನೋಡದೆ.

ಬೋರಲು ಮಲಗಿ ಎರಡು ಗಂಟೆ ನೋಡಿದೆ.
ಹುಲ್ಲು ಕೊಯ್ಯಬೇಕಾದ ದಿನ. ಕೊಯ್ಯಲಿಲ್ಲ.

ಸರಪಳಿ ಈಗ ಶೆಡ್ಡಿನ ಹಿಂದೆ ಬಿದ್ದಿದೆ.
ಗುಜರಿಯವನು ಎರಡು ಸಲ ಬಂದ, ಒಳ್ಳೇ ದರ ಹೇಳಿದ.
ಕೊಡಲಿಲ್ಲ. ಯಾಕೆಂದು ಕೇಳಬೇಡಿ.
ಅಪ್ಪ ಕೆಟ್ಟವನಲ್ಲ; ಕಡಿ, ಇಲ್ಲ ಜಮೀನು ಬಿಡು ಎಂದು
ಸರ್ಕಾರವೇ ಕಾಗದ ಕೊಟ್ಟಿತ್ತು.
ಮೊನ್ನೆ ಮಳೆಗೆ ಒಂದು ಕೊಂಡಿಯೊಳಗೆ ನೀರು ನಿಂತಿತ್ತು.
ಬೆರಳದ್ದಿ ನಾಲಗೆಗಿಟ್ಟೆ, ಹಳೇ ಅಭ್ಯಾಸ.
ಸಿಹಿ ನೀರು,
ಸ್ವಲ್ಪ ತುಕ್ಕಿನ ರುಚಿ.